ಮೋಸಹೋದ ಗಂಡನ ಪಾರ್ಟು ನಂದು

ಸುಮ್ನೆ ಕೂತೋನ ಹುಡ್ಕಂಡು ಬರೋ ಪೀಕಲಾಟ ಎಲ್ಲ ನಮ್ಮನೆ ದಾರಿನೇ ಹಿಡೀತದೆ. ಸಾಕಾಗಿದೆ ನಂಗೆ.

ಬಣ್ಣ

ಕೊಟ್ಟಿಗೆಹಾರದ ಹತ್ರ ಕಾಫಿ ಎಸ್ಟೇಟಲ್ಲಿ ಮೂವತ್ತೈದು ವರ್ಷ ಮೇಸ್ತ್ರಿ ಆಗಿದ್ದೆ. ನಾನು ಕೆಮ್ಮಿದ್ರೆ ನೂರಾಳು ಬಗ್ಗಿ ಕೆಲ್ಸ ಮಾಡ್ತಿತ್ತು. ಹೋದ್ವರ್ಷ ಅಲ್ಲಿಗೆ ಸಿನಿಮಾದೋರು ಬಂದ್ರು. ನನ್ನ ಮುಖ ನೋಡಿ ಡೈರೆಕ್ಟರು, ಹೆಂಡ್ತಿ ಕೈಲಿ ಮೋಸಹೋದ ಗಂಡನ ಪಾರ್ಟು ನೀವೇ ಮಾಡ್ಬೇಕು ಅಂದ. ಕಪ್ಪು ಬಿಳುಪು ಸಿನಿಮಾ ಅಂತೆ. ತೋಟದ ತುಂಬ ಹಣ್ಣು ಕೆಂಪಗೆ ನಿಂತಿತ್ತು. ಕಾಯಿ ಯಾವ್ದು ಹಣ್ಣು ಯಾವ್ದು ಹೆಂಗೆ ಗೊತ್ತಾಗ್ಬೇಕು ಅಂದೆ. ಅದು ಮುಖ್ಯ ಅಲ್ಲ ಅಂದ. ಕಾಯಿ ಕಿತ್ತೋರನ್ನ ಬೈದೂ ಬೈದೂ ನನ್ನ ಗಂಟ್ಲೇ ಹೋಗಿದೆ, ಇವ್ನಿಗೆ ಮುಖ್ಯ ಅಲ್ವಂತೆ.

ಮನೇಲಿ

ಸಿನಿಮಾದಲ್ಲಿ ನಂಗೆ ಬೇರೆ ಹೆಂಡ್ತಿ ಅಂತ ಯಾರೋ ನಮ್ಮನೆಯವ್ಳಿಗೆ ಚುಚ್ಚಿದ್ರು. ಮೋಸ ಮಾಡೋಳು ಅವ್ಳು ಕಣೇ, ನಾನಲ್ಲ ಅಂದೆ. ಇವ್ಳು ಕೇಳಿದ್ದು ಒಂದೇ, "ವಯಸ್ಸೆಷ್ಟು ಅವ್ಳಿಗೆ?" ನಿಂಗಿಂತ ಹತ್ತು ವರ್ಷ ಕಮ್ಮಿ ಅಂದೆ. ನಿಜ ಹೇಳಿದ್ದೇ ತಪ್ಪಾಯ್ತು. ಅವತ್ತಿಂದ ನನ್ನತ್ರ ಮಾತು ಬಂದ್. "ಊಟಕ್ಕೆ ಬರ್ಬೇಕಂತೆ ಅಂತ ಹೇಳು" ಅಂತ ನಾಯಿಗೆ ಹೇಳ್ತಾಳೆ. ನಾಯಿ ಪಾಪ ನನ್ನ ಮುಖ ನೋಡ್ತದೆ.

ಹತ್ತನೇ ಸಲ

ನನ್ನ ಪಾರ್ಟಲ್ಲಿ ಮಾತಿಲ್ಲ. ಮನೆಗೆ ಬರೋದು, ಹೆಂಡ್ತಿ ಪಕ್ಕ ಕೂತ ಗಂಡಸನ್ನ ನೋಡೋದು, ವಾಪಸ್ ಹೋಗೋದು. ಒಂಬತ್ತು ಸಲ ಹೋಗಿ ಬಂದೆ, ಮಂಡಿ ಹಿಡ್ಕಂಡಿತ್ತು. ನಮ್ ಕಡೆ ಮನೆಗೆ ಬಂದೋರನ್ನ ಹಂಗೇ ಕಳ್ಸಲ್ಲ. ಹತ್ತನೇ ಸಲ ಬಾಯಿ ತಪ್ಪಿ, "ಕೂತ್ಕಳಿ, ಕಾಫಿ ಕುಡ್ಕಂಡು ಹೋಗಿ" ಅಂದ್ಬಿಟ್ಟೆ. ಬೈತಾನೆ ಅನ್ಕಂಡ್ರೆ ಡೈರೆಕ್ಟರು ಕಣ್ಣೊರ್ಸ್ಕಂಡ. "ಮೇಸ್ತ್ರಿ, ಇಡೀ ಸಿನಿಮಾ ಇದೇ" ಅಂದ. ಇದೇ ಆದ್ರೆ ಒಂಬತ್ತು ಸಲ ಯಾಕೆ ಓಡಾಡ್ಸಿದೆ ಮಾರಾಯ?

ಬಸ್ಸಲ್ಲಿ

ಚಿಕ್ಕಮಗಳೂರಲ್ಲಿ ಸಿನಿಮಾ ತೋರ್ಸಿದ್ರು. ಕಣ್ಣಾರೆ ನೋಡಿದ್ರಾದ್ರೂ ಮಾತಾಡ್ತಾಳೆ ಅಂತ ನಮ್ಮನೆಯವ್ಳನ್ನ ಕರ್ಕಂಡು ಹೋದೆ. ಎರಡು ಗಂಟೆ ಏನೂ ನಡೆಯಲ್ಲ. ಅರ್ಧ ಜನ ಮಲಗಿದ್ರು, ನಾನೂ ಮಲಗಿದ್ದೆ. ನನ್ನ ಮಾತು ಬಂದಾಗ ಮಾತ್ರ ಜನ ಅತ್ತು ಮೂಗು ಎಳ್ಕೊಳ್ಳೋ ಸದ್ದಿಗೆ ಎಚ್ರ ಆಯ್ತು. ಎಲ್ರೂ ಬಂದು ಕೈ ಕುಲುಕಿದ್ರು. ಇವ್ಳು ಬಸ್‌ಸ್ಟ್ಯಾಂಡ್ ಕಡೆ ನಡ್ದೇಬಿಟ್ಲು.

ವಾಪಸ್ ಬರ್ತಾ ಬಸ್ಸಲ್ಲಿ, ಎಷ್ಟೋ ತಿಂಗಳಾದ್ಮೇಲೆ ಬಾಯಿ ಬಿಟ್ಲು. "ಹೆಂಡ್ತಿನ ಹಾರಿಸ್ಕಂಡು ಹೋಗೋಕೆ ಬಂದೋನಿಗೆ ಕಾಫಿ ಕುಡೀರಿ ಅಂತೀರಿ. ನಮ್ಮಣ್ಣ ಬಂದಾಗ ಒಂದಿನ ಹಂಗಂದಿದೀರಾ?"

ಅದು ಬರೀ ನಟನೆ ಕಣೇ ಅಂದೆ.

"ನಾಳೆ ಅಣ್ಣ ಬರ್ತಾನೆ. ಸ್ವಲ್ಪ ನಟನೆ ಮಾಡಿ."