ಬಲೆಯಕ್ಕನ ಮನೆಯಲ್ಲಿ ಪುನರ್ವಸತಿ ಕಚೇರಿ

ಚಂಡಮಾರುತವು ಕಡಲತಡಿಯ ಆ ಊರಿನ ಮೇಲೆ ಹಾದುಹೋದ ನಂತರ ಒಂದೇ ಒಂದು ಮನೆ ಬೀಳದೆ ಉಳಿದಿತ್ತು ಎಂಬುದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿದೆ. ಅದು ಬಲೆಯಕ್ಕನ ಮನೆ. ಹರಿದ ಬಲೆಗಳನ್ನು ಹೆಣೆದುಕೊಡುವುದು ಆಕೆಯ ಕಸುಬಾದ್ದರಿಂದ ಊರವರು ಹಾಗೆ ಕರೆಯುತ್ತಿದ್ದರು. ದೋಣಿ ಕಟ್ಟುವ ಬಡಗಿಯಾಗಿದ್ದ ಆಕೆಯ ಮಾವ ಮನೆಯನ್ನೂ ದೋಣಿಯಷ್ಟೇ ಬಿಗಿಯಾಗಿ ಕಟ್ಟಿಟ್ಟು ತೀರಿಕೊಂಡಿದ್ದ. ಯಾರ ಅನುಮತಿಯನ್ನೂ ಪಡೆಯದೆ ನಿಂತೇ ಇದ್ದ ಈ ಮನೆಯಿಂದ ಮುಂದೆ ಆಡಳಿತಕ್ಕೆ ಸಾಕಷ್ಟು ತೊಡಕಾಯಿತು.

ಗಾಳಿ ಇಳಿದ ಮೇಲೆ ಊರಿನ ಅರ್ಧ ಜನ ಅಲ್ಲೇ ಆಸರೆ ಪಡೆದರು. ಬಲೆಯಕ್ಕ ಮನೆಯಲ್ಲಿದ್ದ ಅಕ್ಕಿಯನ್ನೆಲ್ಲ ಬೇಯಿಸಿ ಬಡಿಸಿದಳು. ಇದು ಯಾವ ಯೋಜನೆಯ ಅಡಿಯಲ್ಲೂ ಬಾರದ ಕಾರಣ ಪರಿಹಾರ ಕಾರ್ಯವೆಂದು ಪರಿಗಣಿಸಲಾಗಿಲ್ಲ.

ಪರಿಹಾರ ಕಾರ್ಯ ಆರಂಭವಾದದ್ದು ಪುನರ್ವಸತಿ ಅಧಿಕಾರಿಗಳು ತಮ್ಮ ಗುಮಾಸ್ತರೊಂದಿಗೆ ಜೀಪಿನಿಂದ ಇಳಿದಾಗ. ಕಚೇರಿಗೆ ಕಟ್ಟಡ ಬೇಕು; ಕಟ್ಟಡವೆಂದರೆ ಅದಕ್ಕೆ ಛಾವಣಿ ಇರತಕ್ಕದ್ದು ಎಂದು ನಿಯಮವಿತ್ತು. ಛಾವಣಿ ಇದ್ದದ್ದು ಬಲೆಯಕ್ಕನ ಮನೆಗೆ ಮಾತ್ರ.

"ತಾತ್ಕಾಲಿಕ ಅಷ್ಟೇ ಅಮ್ಮಾ," ಎಂದರು ಅಧಿಕಾರಿಗಳು. "ಎಲ್ಲರಿಗೂ ಮನೆ ಸಿಕ್ಕಿದ ಮೇಲೆ ನಾವು ಒಂದು ಗಳಿಗೆನೂ ಇಲ್ಲಿರಲ್ಲ."

ಬಲೆಯಕ್ಕ ಗಂಡನ ಮುಖ ನೋಡಿದಳು. ಗಂಡ ಅಂಗಳದಲ್ಲಿ ಮಕ್ಕಳನ್ನು ತಬ್ಬಿಕೊಂಡು ಕೂತಿದ್ದ ನೆರೆಹೊರೆಯವರನ್ನು ನೋಡಿದ. "ಎಲ್ಲರಿಗೂ ಒಳ್ಳೇದಾಗೋದಾದ್ರೆ ಬಿಟ್ಕೊಡೋಣ ಕಣೇ," ಎಂದ.

ಬಲೆಯಕ್ಕ, ಗಂಡ, ಅತ್ತೆ ಮನೆಯ ಹಿಂದೆ ಟಾರ್ಪಾಲು ಕಟ್ಟಿಕೊಂಡು ಇರತೊಡಗಿದರು. ಮಲಗುವ ಕೋಣೆ ಅಧಿಕಾರಿಗಳದಾಯಿತು. ಅಡುಗೆಮನೆಯಲ್ಲಿ ಕಡತಗಳನ್ನು ಪೇರಿಸಲಾಯಿತು. ಬಲೆಗಳನ್ನು ಎಳೆದು ಕಟ್ಟಲೆಂದು ಮಾವ ನಡುಮನೆಯ ಗೋಡೆಗಳಿಗೆ ಬಡಿದಿದ್ದ ಕೊಕ್ಕೆಗಳಿಗೆ ಗುಮಾಸ್ತರ ಛತ್ರಿ, ಚೀಲ ಮತ್ತು ಊಟದ ಡಬ್ಬಿ ನೇತುಬಿದ್ದವು. ಬಲೆಯಕ್ಕ ಮರಳಿನ ಮೇಲೆ ಕೂತು ಹೆಣೆಯಲು ನೋಡಿದಳು. ಕಣ್ಣಿಗೆಲ್ಲ ಮರಳು, ಬಲೆಯ ತುಂಬ ಕಸ. ಬಂದ ಕೆಲಸ ಅರ್ಧಕ್ಕರ್ಧ ಹಿಂದಕ್ಕೆ ಹೋಯಿತು.

ಹೊಸ ಮನೆಗಳಿಗೆ ಯಾವ ಬಣ್ಣ ಬಳಿಯಬೇಕೆಂಬುದು ಇನ್ನೂ ಪರಿಶೀಲನೆಯಲ್ಲಿರುವಾಗಲೇ ಊರವರು ತಾಳ್ಮೆಗೆಟ್ಟು, ಮುರಿದ ದೋಣಿಗಳ ಹಲಗೆ, ಬಿದ್ದ ಗೋಡೆಗಳ ಇಟ್ಟಿಗೆ ಆಯ್ದು ತಾವೇ ಮನೆ ಎಬ್ಬಿಸಿಕೊಂಡರು. ಮರುದಿನವೇ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು: "ಕಚೇರಿಯ ಸತತ ಪರಿಶೀಲನೆಯ ಫಲವಾಗಿ ಮನೆಗಳು ತಲೆಯೆತ್ತಿವೆ. ಸಾರ್ವಜನಿಕರು ಹರ್ಷಿಸತಕ್ಕದ್ದು."

ಬಲೆಯಕ್ಕ ಹರ್ಷಿಸಿದಳು. ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು, ಹೊಸ್ತಿಲಾಚೆ ಚಪ್ಪಲಿ ಬಿಟ್ಟು ತನ್ನ ಮನೆಯೊಳಗೆ ಬಂದಳು.

"ಸಾರ್, ಎಲ್ಲರದ್ದೂ ಆಯ್ತಲ್ಲ. ಮನೆ ಯಾವಾಗ ಬಿಡ್ತೀರಾ?"

"ಎಲ್ಲರದ್ದೂ ಎಲ್ಲಿ ಆಯ್ತು? ನಿಮಗೆ ಮನೆ ಇದೆಯಾ?"

"ಇಲ್ಲ ಸಾರ್."

"ನೋಡಿ ಮತ್ತೆ. ಒಂದು ಕುಟುಂಬಕ್ಕೆ ಮನೆ ಇಲ್ಲದಿದ್ರೂ ಕಚೇರಿ ಮುಚ್ಚೋ ಹಾಗಿಲ್ಲ."

"ಹಾಗಾದ್ರೆ ನಮಗೊಂದು ಮನೆ ಕಟ್ಟಿಸಿಕೊಡಿ."

ಗುಮಾಸ್ತರು ನಿಯಮಗಳ ಪುಸ್ತಕ ತಿರುವಿ ಹಾಕಿದರು. "ಅದಕ್ಕೆ ನಿಮ್ಮ ಮನೆ ಬಿದ್ದಿರಬೇಕು. ಯಾಕೆ ಬೀಳ್ಲಿಲ್ಲ?"

"ಬಿದ್ದಿದ್ರೆ ನೀನೆಲ್ಲಿ ಕೂತ್ಕೋತಿದ್ದೆಯಪ್ಪಾ?" ಎಂದು ಅತ್ತೆ ಕೇಳಿದಳು. ಪ್ರಶ್ನೆ ವಿಷಯಕ್ಕೆ ಸಂಬಂಧಪಡದ್ದೆಂದು ಗುಮಾಸ್ತರು ಪುಸ್ತಕ ಮುಚ್ಚಿಟ್ಟರು.

ಗಂಡನಿಗೆ ರೇಗಿತು. "ನೀವು ಎದ್ದು ಹೋದ್ರೆ ನಮಗೆ ಮನೆ ಸಿಗುತ್ತಲ್ಲ ಸಾರ್!"

ಅಧಿಕಾರಿಗಳಿಗೆ ನಿಜವಾಗಿಯೂ ಬೇಸರವಾಯಿತು. "ನಾವೇ ಎದ್ದು ಹೋದ್ರೆ ನಿಮಗೆ ಮನೆ ಕೊಡಿಸೋರು ಯಾರಪ್ಪಾ? ನಿಮ್ಮೊಬ್ಬರಿಗೋಸ್ಕರ ಇಡೀ ಕಚೇರಿ ಇಲ್ಲಿ ಬಿದ್ದಿದೆ. ಸ್ವಲ್ಪನಾದ್ರೂ ಉಪಕಾರ ಸ್ಮರಣೆ ಬೇಡ್ವಾ?"

ಮೂವರೂ ಹೊರಬಂದು ಚಪ್ಪಲಿ ಮೆಟ್ಟಿಕೊಂಡರು.

ಆ ಮೇಲೆ ಮಳೆ ಹಿಡಿಯಿತು. ಟಾರ್ಪಾಲಿನ ಕೆಳಗೆ ನೀರು ಹರಿದು ಅತ್ತೆಗೆ ಜ್ವರ ಬಂತು; ಕೆಮ್ಮಿ ಕೆಮ್ಮಿ ಮಾತೇ ಉಡುಗಿತು. ಬಲೆಯಕ್ಕ ಅವಳನ್ನು ಎತ್ತಿಕೊಂಡೇ ಒಳಗೆ ಬಂದು, "ಇವರನ್ನ ಇಲ್ಲಿ ಮಲಗಿಸ್ತೀನಿ. ಯಾರು ಎಬ್ಬಿಸ್ತಾರೋ ನೋಡ್ತೀನಿ," ಎಂದು ನಿಂತಳು. ಅಧಿಕಾರಿಗಳು ಆ ಮುದುಕಿಯನ್ನು ನೋಡಿದರು. ಅವರು ಕೆಟ್ಟವರಲ್ಲ. ಕಚೇರಿಯ ವೇಳೆಯಲ್ಲಿ ಸಾರ್ವಜನಿಕರು ಬೆಂಚಿನ ಮೇಲೆ ಕಾಯಬಹುದು, ಕಾಯುವಾಗ ಮಲಗಬಾರದೆಂದು ಎಲ್ಲೂ ಹೇಳಿಲ್ಲ ಎಂದು ಅಪ್ಪಣೆ ಮಾಡಿದರು. ಗುಮಾಸ್ತರು ತಾವಾಗಿಯೇ ಬಿಸಿನೀರು ತಂದುಕೊಟ್ಟರು.

ಅಂದಿನಿಂದ ಕುಟುಂಬವು ದಿನವೂ ಬಾಗಿಲು ತೆರೆಯುವ ಹೊತ್ತಿಗೆ ಮನೆಗೆ ಬಂದು ಸಂಜೆ ಬೀಗ ಬೀಳುವ ಮುನ್ನ ಟಾರ್ಪಾಲಿಗೆ ಹೊರಡುತ್ತದೆ. ಬಲೆಯಕ್ಕ ಬೆಂಚಿನ ಪಕ್ಕ ಕೂತು ಬಲೆ ಹೆಣೆಯುತ್ತಾಳೆ. ಅತ್ತೆ ಚೇತರಿಸಿಕೊಂಡಿದ್ದಾಳೆ. ಊರವರು ಕಚೇರಿಗೆ ಬಂದರೆ ಅವಳಿಗೊಂದು ನಮಸ್ಕಾರ ಹೇಳಿ, ಯಾರಾದರೂ ಮನೆಗೆ ಹೋದಾಗ ಮಾತಾಡುವ ಹಾಗೆ ಮಾತಾಡಿ ಹೋಗುತ್ತಾರೆ.

ಇತ್ತೀಚೆಗೆ ಮೇಲಿನಿಂದ ಬಂದ ದೊಡ್ಡ ಅಧಿಕಾರಿಯೊಬ್ಬರು ಏರ್ಪಾಡೆಲ್ಲ ನೋಡಿ ಮೆಚ್ಚಿಕೊಂಡು, "ಏನಮ್ಮಾ, ಇನ್ನೇನಾದ್ರೂ ಕಷ್ಟ ಇದೆಯಾ?" ಎಂದು ಅತ್ತೆಯನ್ನೇ ಕೇಳಿದರು.

"ಏನಿಲ್ಲಪ್ಪ. ಭಾನುವಾರದ ರಜೆ ಒಂದು ತೆಗೆದುಬಿಟ್ರೆ ಸಾಕು."

ದೊಡ್ಡವರು ಸಹಾನುಭೂತಿಯಿಂದ ಯೋಚಿಸಿದರು. "ಅದಾಗಲ್ಲಮ್ಮ. ನೌಕರರೂ ಮನುಷ್ಯರೇ. ವಾರಕ್ಕೊಂದು ದಿನ ಅವರೂ ಮನೆಗೆ ಹೋಗಿ ಬರಬೇಕಲ್ಲ."

"ಅದೂ ನಿಜವೇ," ಎಂದಳು ಅತ್ತೆ. ಹೊರಗೆ ಕತ್ತಲಾಗುತ್ತಿತ್ತು. ಅವಳು ಹೊದಿಕೆ ಮಡಚಿ ಕಂಕುಳಲ್ಲಿಟ್ಟುಕೊಂಡು, "ಪಾಪ, ಮನೆ ಬಿಟ್ಟಿರೋದು ಅಂದ್ರೆ ಸುಮ್ನೇನಾ?" ಎನ್ನುತ್ತಾ ಸೊಸೆಯ ಕೈಹಿಡಿದು ಮೆಟ್ಟಿಲಿಳಿದಳು.