ಮೆಂಬರ್ ಮೇಡಂ ಮನೆಯವರು

ದೇಶದ ಬಗ್ಗೆ ಚಿಂತಿಸುವವನಿಗೆ ಮನೆ ಮುಂದಿನ ಗಟಾರದ ಬಗ್ಗೆ ಚಿಂತಿಸಲು ಪುರುಸೊತ್ತು ಇರುವುದಿಲ್ಲ. ನಾನು ಅಂಥ ದೊಡ್ಡ ಮನುಷ್ಯ. ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ವಿಶ್ವಸಂಸ್ಥೆ ಏನು ಮಾಡಬೇಕಿತ್ತು ಎಂಬುದು ನನಗೆ ಗೊತ್ತು. ನಮ್ಮ ಓಣಿಗೆ ಯಾವ ದಿನ ನೀರು ಬರುತ್ತದೆ ಎಂಬುದು ನನ್ನ ಹೆಂಡತಿ ಮಹಾನಂದಾಳಿಗೆ ಗೊತ್ತು. ಊರು ಯಾವುದೆಂದು ಮಾತ್ರ ಹೇಳಲಾರೆ. ಸೇಡಂನವರು ಚಿತ್ತಾಪುರ ಎಂದುಕೊಳ್ಳಲಿ, ಚಿತ್ತಾಪುರದವರು ವಾಡಿ ಎಂದುಕೊಳ್ಳಲಿ, ಎಲ್ಲರಿಗೂ ನೆಮ್ಮದಿ.

ಪುರಸಭೆ ಚುನಾವಣೆ ಬಂದಾಗ, ನನ್ನಂಥ ವಿದ್ಯಾವಂತ ನಿಲ್ಲದಿದ್ದರೆ ಪ್ರಜಾಪ್ರಭುತ್ವ ಉಳಿಯುವುದಿಲ್ಲ ಎಂದು ನನಗನ್ನಿಸಿತು. ಬೇರೆ ಯಾರಿಗೂ ಅನ್ನಿಸಲಿಲ್ಲ, ಅದು ಬೇರೆ ಮಾತು. ಅಷ್ಟರಲ್ಲಿ ಮೀಸಲಾತಿ ಪ್ರಕಟವಾಗಿ ನಮ್ಮ ವಾರ್ಡು ಮಹಿಳೆಯರ ಪಾಲಾಯಿತು. ಇಂಥ ಕಾಯಿಲೆಗೆ ನಮ್ಮ ಗಂಡಸರು ಕಂಡುಕೊಂಡ ಔಷಧ ಎಲ್ಲರಿಗೂ ಗೊತ್ತಿರುವುದೇ: ಹೆಂಡತಿಯ ಹೆಸರಲ್ಲಿ ನಾಮಪತ್ರ, ಗಂಡನ ಹೆಸರಲ್ಲಿ ಅಧಿಕಾರ. ರೊಟ್ಟಿ ಬಡಿಯುತ್ತಿದ್ದ ಮಹಾನಂದಾಳ ಹತ್ತಿರ ಹೋಗಿ, ಸಹಿ ಹಾಕುವುದು, ಕೈ ಮುಗಿಯುವುದು ಇಷ್ಟೇ ನಿನ್ನ ಕೆಲಸ, ಉಳಿದದ್ದನ್ನು ನನಗೆ ಬಿಡು ಎಂದು ಧೈರ್ಯ ತುಂಬಿದೆ.

"ಆರಿಸಿ ಬಂದ್ರ ಮೀಟಿಂಗಿಗೆ ಯಾರು ಹೋಗಬೇಕ್ರಿ?" ಎಂದು ಕೇಳಿದಳು.

ಅದನ್ನೆಲ್ಲ ಈಗಲೇ ಯಾಕೆ ತಲೆಗೆ ಹಚ್ಚಿಕೊಳ್ಳುತ್ತೀ ಎಂದೆ.

ಬ್ಯಾನರ್ ಮಾಡಿಸಿದೆ. ಅದರಲ್ಲಿ ನಾನು ಆಳೆತ್ತರ ನಿಂತಿದ್ದೆ. ಅಭ್ಯರ್ಥಿ ಒಂದು ಮೂಲೆಯಲ್ಲಿ, ಅಂಚೆಚೀಟಿಯ ಗಾತ್ರದಲ್ಲಿ. ಬೇವಿನ ಮರದ ಕಟ್ಟೆಯ ಮೇಲೆ ನಿಂತು ಗಡಿ ರಕ್ಷಣೆಯ ಕುರಿತು ಮಾತಾಡಿದೆ. ಕೆಳಗಿನ ಓಣಿಯಲ್ಲಿ ಬಳೆ ಮಾರುವ ಚಾಂದಬೀ ಪೂರ್ತಿ ಕೇಳಿ, "ಗಡಿ ಇರಲಿ ಸರ್, ನಮ್ಮ ನಳಕ್ಕ ನೀರು ಯಾವಾಗ ಬರ್ತದ?" ಎಂದಳು. ವಿಷಯಾಂತರ ಮಾಡುವ ಇಂಥ ಮತದಾರರಿಂದಲೇ ದೇಶ ಹಿಂದುಳಿದಿದೆ ಎಂದುಕೊಂಡೆ.

ಮಹಾನಂದಾ ಭಾಷಣ ಮಾಡಲಿಲ್ಲ. ಮನೆಮನೆಯ ಅಡುಗೆಮನೆಯಲ್ಲಿ ಕುಳಿತು, ನೀರು ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂದು ವಿಚಾರಿಸಿದಳು. ಮೆಂಬರಿಗೆ ಓಟು ಹಾಕಿ ಏನಾಗಬೇಕಿದೆ ಎಂದು ಬೇಸರಪಟ್ಟವರಿಗೆ ಅವಳ ಉತ್ತರ ಒಂದೇ: "ದಿಲ್ಲಿಯವ್ರಿಗೆ ಕೇಳಬೇಕಂದ್ರ ರೈಲು ಹತ್ತಬೇಕು. ನನಗ ಕೇಳಬೇಕಂದ್ರ ಕದ ಬಡೀರಿ, ಸಾಕು." ಇಷ್ಟು ಸಣ್ಣ ಮಾತಿಗೆ ಜನ ಓಟು ಹಾಕಿಬಿಟ್ಟರು. ವಾರ್ಡಿನ ಚುನಾವಣೆಯಲ್ಲಿ ನಾಲ್ಕು ಮನೆಯವರು ಮನಸ್ಸು ಮಾಡಿದರೆ ಫಲಿತಾಂಶ ತಿರುಗುತ್ತದೆ. ಅವಳಿಗಾಗಿ ಇಡೀ ಕೆಳಗಿನ ಓಣಿಯೇ ಸಾಲು ನಿಂತಿತ್ತು. ನಾನು ನನ್ನ ಭಾಷಣದಿಂದ ಗೆದ್ದೆವೆಂದು ಸಿಹಿ ಹಂಚಿದೆ.

ಗೆದ್ದವರೆಲ್ಲ ಸೇರಿ ತಮ್ಮೊಳಗಿಂದ ಅಧ್ಯಕ್ಷರನ್ನು ಆರಿಸುವ ದಿನ ಬಂತು. ಹೊಸದಾಗಿ ಹೊಲಿಸಿದ ಬಿಳಿ ಜುಬ್ಬಾ ತೊಟ್ಟು, ಹೆಂಡತಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆದೆ. ಸಭಾಂಗಣದ ಬಾಗಿಲಲ್ಲಿ ಅವಳು ಮೆಲ್ಲಗೆ, "ರೀ, ಆರಿಸಿ ಬಂದಾಕಿ ನಾನು. ನೀವು ಹೊರಗ ಕುಂದ್ರಿ" ಎಂದಳು. ಅವಳು ದನಿ ಏರಿಸಿದ್ದರೆ ನಾನೂ ಜಗಳವಾಡಬಹುದಿತ್ತು. ಪಡಸಾಲೆಯ ಬೆಂಚಿನ ಮೇಲೆ ಆಗಲೇ ಇನ್ನಿಬ್ಬರು ಬಿಳಿ ಜುಬ್ಬಾದವರು ಕುಳಿತಿದ್ದರು. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಹೊಸ ಅಧ್ಯಕ್ಷರಿಗೆ ಚಪ್ಪಾಳೆ ತಟ್ಟಿದೆವು.

ಆಮೇಲೆ ಅವಳು ನೀರು ಬಿಡುವವನ ಹಿಂದೆ ಪೈಪಿನುದ್ದಕ್ಕೂ ತಿರುಗಾಡಿದಳು. ನಮ್ಮ ಓಣಿಯ ಮಂದಿ ನಳಕ್ಕೆ ಮೋಟಾರು ಹಚ್ಚಿ ನೀರೆಳೆಯುವುದರಿಂದ ಕೆಳಗಿನ ಓಣಿಗೆ ಹನಿಯೂ ಇಳಿಯುವುದಿಲ್ಲ ಎಂದು ಪತ್ತೆಯಾಯಿತು. ಸಭೆಯಲ್ಲಿ ಮಾತೆತ್ತಿ, ಮೋಟಾರು ಬಿಚ್ಚಿಸುವ ಠರಾವು ಮಾಡಿಸಿದಳು. ಒಂದು ಬೆಳಿಗ್ಗೆ ಪುರಸಭೆಯ ನೌಕರರು ನಟ್ಟು ಬಿಚ್ಚುವ ಪಾನಾ ಹಿಡಿದು ಬಂದು, ನೇರ ನಮ್ಮ ಅಂಗಳಕ್ಕೇ ನುಗ್ಗಿದರು. ಇದು ಮೆಂಬರ್ ಮನೆ ಎಂದು ಅಡ್ಡ ನಿಂತೆ.

"ಅದಕ್ಕ ಮೇಡಂ ಮೊದಲ ಇಲ್ಲಿಗೇ ಕಳಿಸ್ಯಾರ್ರಿ" ಎಂದು ಒಬ್ಬ ವಿನಯದಿಂದಲೇ ಹೇಳಿ, ಮೋಟಾರನ್ನು ಮಗುವಿನಂತೆ ಎತ್ತಿಕೊಂಡು ಹೋದ.

ವಾರ ಕಳೆಯುವುದರೊಳಗೆ ಚಾಂದಬೀಯ ನಳದಲ್ಲಿ ನೀರು ಬಂತು. ದಾರಿಯಲ್ಲಿ ನನ್ನನ್ನು ತಡೆದು, ಭಾಳ ಉಪಕಾರ ಆಯ್ತು ಸರ್ ಎಂದಳು. ಅದೇನು ಮಹಾ, ನನ್ನ ಕರ್ತವ್ಯ ಎಂದೆ.

ಮನೆಗೆ ಬಂದು, ಮುಂದಿನ ಸಲ ವಾರ್ಡು ಸಾಮಾನ್ಯವಾದರೆ ನಾನೇ ನಿಲ್ಲುತ್ತೇನೆ ಎಂದು ಘೋಷಿಸಿದೆ.

"ನಿಂದ್ರಿ, ಯಾರು ಬ್ಯಾಡಂತಾರ?" ಎಂದಳು ಮಹಾನಂದಾ. "ಆದ್ರ ನಂದೊಂದು ಓಟು ನಿಮಗ ಸಿಗಂಗಿಲ್ಲ."

ಮನೆಯಲ್ಲಿರುವುದು ಎರಡೇ ಓಟು. ಇನ್ನೊಂದು ನನ್ನದು. ಮೋಟಾರಿಲ್ಲದ ನಳದ ಮುಂದೆ ಕೊಡ ಹಿಡಿದು, ಅದು ತುಂಬುವುದನ್ನೇ ಕಾಯುತ್ತ ನಿಂತಾಗಲೆಲ್ಲ, ಆ ಓಟೂ ಅವಳಿಗೇ ಬೀಳುವ ಲಕ್ಷಣ ಕಾಣುತ್ತಿದೆ.