೧೬೦೮೯೭ ಸಂಖ್ಯೆಯ ಎರಡು ಸೈಕಲ್ಲುಗಳು

ಒಂದೇ ಸಂಖ್ಯೆಯ ಎರಡು ವಾಹನಗಳು ಏಕಕಾಲಕ್ಕೆ ಒಂದೇ ದಡದಲ್ಲಾಗಲಿ ಒಂದೇ ಹಡಗಿನಲ್ಲಾಗಲಿ ಇರಕೂಡದು ಎಂಬುದು ನಮ್ಮ ಸ್ಕೋವ್‌ಹಾವ್ನ್ ಬಂದರಿನ ಹಡಗು ಕಂಪನಿಯ ಹದಿನಾಲ್ಕನೆಯ ನಿಯಮ. ಕದ್ದ ಕಾರುಗಳಿಗೆ ನಕಲಿ ನಂಬರು ಹಾಕಿ ಡೆನ್ಮಾರ್ಕಿನಿಂದ ಜರ್ಮನಿಗೆ ಸಾಗಿಸುವವರನ್ನು ಹಿಡಿಯಲು ಇದನ್ನು ಮಾಡಲಾಯಿತು. ಈವರೆಗೆ ಒಬ್ಬ ಕಳ್ಳನೂ ಸಿಕ್ಕಿಲ್ಲ. ಆದಕಾರಣ ನಿಯಮವು ಪರಿಣಾಮಕಾರಿಯಾಗಿದೆ ಎಂದು ಪ್ರತಿ ವರ್ಷದ ವರದಿಯಲ್ಲಿ ನಮೂದಾಗುತ್ತದೆ.

ಕಳೆದ ಆಗಸ್ಟ್ ನಾಲ್ಕರಂದು ಪ್ರೆಬೆನ್ ಮತ್ತು ಇಂಗೆಲಿಸೆ ಎಂಬ ದಂಪತಿ ತಲಾ ಒಂದು ಸೈಕಲ್ಲು, ನಡುವೆ ಒಂದು ಗುಡಾರ ಸಮೇತ ಬಂದರಿಗೆ ಬಂದರು. ಇಪ್ಪತ್ತೈದು ವರ್ಷ ನಮ್ಮ ಊರಿಗೆ ಬ್ರೆಡ್ಡು ಸುಟ್ಟುಕೊಟ್ಟವರು ಇವರೇ. ಅವನು ನಸುಕಿನ ಎರಡಕ್ಕೆ ಎದ್ದು ಹಿಟ್ಟು ನಾದುತ್ತಿದ್ದ, ಸಂಜೆ ಆರಕ್ಕೆ ಮಲಗುತ್ತಿದ್ದ. ಅವಳು ಸಂಜೆ ಆರಕ್ಕೆ ಅಂಗಡಿ ಮುಚ್ಚುತ್ತಿದ್ದಳು. ಒಬ್ಬರು ಎಚ್ಚರವಿದ್ದಾಗ ಇನ್ನೊಬ್ಬರು ನಿದ್ದೆಯಲ್ಲಿರುವ ಈ ಏರ್ಪಾಟಿನಿಂದ ಮನೆಯಲ್ಲಿ ಜಗಳವೆಂಬುದೇ ಇರಲಿಲ್ಲ. ಬೇಕರಿ ಮಾರಿದ ಮೇಲೆ ಅವರಿಗೆ ಇದ್ದದ್ದು ಒಂದೇ ಆಸೆ: ಜರ್ಮನಿ ದಾಟಿ ವಿಯೆನ್ನಾದವರೆಗೆ ಸೈಕಲ್ಲು ತುಳಿಯುವುದು, ದಾರಿಯಲ್ಲಿ ಆಗಸ್ಟ್ ಹದಿನಾರರಂದು, ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ದಿನ, ಎಲ್ಬೆ ನದಿಯ ದಡದಲ್ಲಿ ಗುಡಾರದ ಮುಂದೆ ಇಬ್ಬರೂ ಎಚ್ಚರವಾಗಿ ಕೂತು ಕಾಫಿ ಕುಡಿಯುವುದು.

ಟಿಕೆಟ್ಟಿನ ಅರ್ಜಿಯಲ್ಲಿ ವಾಹನದ ಸಂಖ್ಯೆ ಎಂಬ ಜಾಗ ಖಾಲಿ ಬಿಡುವಂತಿರಲಿಲ್ಲ. ಸೈಕಲ್ಲಿಗೆ ಸಂಖ್ಯೆ ಎಲ್ಲಿಂದ ತರುವುದೆಂದು ಪ್ರೆಬೆನ್ ಫೋನ್ ಮಾಡಿ ಕೇಳಿದ್ದ. ಕಂಪನಿಯ ಗೇಟು ಅಧಿಕಾರಿ ಫ್ಲೆಮಿಂಗ್, ನೆನಪಿರುವ ಯಾವುದಾದರೂ ಆರು ಅಂಕಿ ಹಾಕಿ ಎಂದಿದ್ದ. ಪ್ರೆಬೆನ್ ಎರಡೂ ಸೈಕಲ್ಲಿಗೆ ಮದುವೆಯ ತಾರೀಖನ್ನೇ ಹಾಕಿದ.

ಮಧ್ಯಾಹ್ನ ಒಂದೂಕಾಲಿನ ಹಡಗಿಗೆ ಮೊದಲು ಪ್ರೆಬೆನ್ ಒಳಹೋದ. ಅವನ ಹಿಂದೆಯೇ ಹಡಗಿನ ಬಾಯಿಯ ಗೇಟು ಬಿತ್ತು. ೧೬೦೮೯೭ ಈಗಾಗಲೇ ಹಡಗಿನಲ್ಲಿದೆ ಎಂದು ಕಂಪ್ಯೂಟರ್ ತಿಳಿಸಿತು.

"ಅದು ಅವನದ್ದು ಕಣಪ್ಪ ಫ್ಲೆಮಿಂಗ್, ಇದು ನನ್ನದು," ಎಂದಳು ಇಂಗೆಲಿಸೆ.

"ನಂಗೆ ಗೊತ್ತು ಇಂಗೆಲಿಸೆ. ಆದ್ರೆ ನಂಗೆ ಗೊತ್ತಿರೋದು ದಾಖಲೆ ಅಲ್ವಲ್ಲ."

"ಇಪ್ಪತ್ನಾಲ್ಕು ವರ್ಷ ಆ ತಾರೀಖು ಅವನ ತಲೇಲಿ ನಿಲ್ಲಲಿಲ್ಲ. ಈ ವರ್ಷ ನೆನಪಾಯ್ತು ನೋಡು, ಅದೂ ಎರಡು ಸಲ."

ಹಡಗು ಹೊರಟಿತು.

ಮುಂದಿನ ಹಡಗಿಗೆ ಅವಳು ಹೋಗುವಂತಿರಲಿಲ್ಲ, ಏಕೆಂದರೆ ಅಷ್ಟರಲ್ಲಿ ೧೬೦೮೯೭ ಜರ್ಮನಿಯ ದಡ ಸೇರಿತ್ತು. ಅವನು ಮರಳಿ ಬರುವಂತಿರಲಿಲ್ಲ, ಏಕೆಂದರೆ ೧೬೦೮೯೭ ಡೆನ್ಮಾರ್ಕಿನ ದಡದಲ್ಲಿ ನಿಂತಿತ್ತು. ಸಂಖ್ಯೆ ಬದಲಿಸಲು ಅವಕಾಶ ಖಂಡಿತ ಇತ್ತು. ಅದಕ್ಕೆ ಒಂಬತ್ತನೆಯ ನಮೂನೆ ತುಂಬಿ, ಎರಡೂ ವಾಹನಗಳನ್ನು ಒಂದೇ ದಡದಲ್ಲಿ ಒಬ್ಬನೇ ಅಧಿಕಾರಿಯ ಮುಂದೆ ಹಾಜರುಪಡಿಸಬೇಕಿತ್ತು. ನಮೂನೆ ಉಚಿತ.

ಸೈಕಲ್ಲನ್ನು ಅಲ್ಲೇ ಬಿಟ್ಟು ನಡೆದು ಹಡಗು ಹತ್ತಬಹುದು, ಯಾರೂ ತಡೆಯುವುದಿಲ್ಲ ಎಂದು ಫ್ಲೆಮಿಂಗ್ ಸ್ನೇಹದಿಂದ ಹೇಳಿದ. ಸೈಕಲ್ ಬಿಟ್ಟು ಸೈಕಲ್ ಪ್ರವಾಸ ಹೋಗುವುದು ಹೇಗೆ ಅಂತ ನೀನೇ ಹೇಳಿಕೊಡು ಎಂದು ಅವಳು ಕೇಳಿದಳು. ಆ ವಿಷಯಕ್ಕೆ ನಮೂನೆ ಇರಲಿಲ್ಲ. ರೈಲಿನಲ್ಲಿ ಸುತ್ತಿ ಹೋಗೋಣವೆಂದರೆ, ಬಂದರಿನ ಗೇಟಿನೊಳಗೆ ಬಂದ ವಾಹನ ಹಡಗಿನ ಮೂಲಕವೇ ಹೊರಹೋಗಬೇಕು. ಅತ್ತ ಪ್ರೆಬೆನ್ನನ ಸೈಕಲ್ಲನ್ನೂ ತನಿಖೆ ಮುಗಿಯುವ ತನಕ ಜರ್ಮನಿಯ ಬಂದರಿನ ಅಂಗಳದಲ್ಲೇ ಇರಿಸಿಕೊಳ್ಳಲಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಇಬ್ಬರೂ ಒಂದೊಂದು ದಡದಲ್ಲಿ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಆದರೆ ಅಂಗಳದಲ್ಲಿ ಯಾವ ವಾಹನವೂ ಇಪ್ಪತ್ನಾಲ್ಕು ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ, ನಿಂತರೆ ಗುಜರಿಗೆ; ಮಾಲೀಕರು ಬಿಟ್ಟುಹೋದ ವಾಹನವಾದರೆ ಆಗಲೇ ಗುಜರಿಗೆ. ಫ್ಲೆಮಿಂಗ್ ನಿಯಮಪುಸ್ತಕವನ್ನು ಎರಡು ಸಲ ಓದಿ ದಾರಿ ಕಂಡುಹಿಡಿದ. ಎರಡೂ ದಡಗಳಿಂದ ಹನ್ನೊಂದೂಕಾಲಕ್ಕೆ ಒಂದೊಂದು ಹಡಗು ಹೊರಡುತ್ತದೆ. ಅವನು ಆ ದಡ ಬಿಟ್ಟ ಕ್ಷಣವೇ ಅವಳು ಈ ದಡ ಬಿಟ್ಟರೆ ಯಾವ ದಡದಲ್ಲೂ ಸಂಖ್ಯೆ ಎರಡಾಗುವುದಿಲ್ಲ. ಸಮುದ್ರ ದಡವಲ್ಲ.

ಹೀಗೆ ಆಗಸ್ಟ್ ಐದರಿಂದ ಅವರು ಪ್ರತಿದಿನ ಅದಲುಬದಲಾದರು. ಇಂದು ಅವಳು ಜರ್ಮನಿಯಲ್ಲಿ, ಅವನು ಡೆನ್ಮಾರ್ಕಿನಲ್ಲಿ. ನಾಳೆ ಅವನು ಅಲ್ಲಿ, ಅವಳು ಇಲ್ಲಿ. ಜರ್ಮನಿಯ ಅಧಿಕಾರಿ ಹಾರ್ಟ್‌ವಿಗ್ ಎಂಬ ಹೆಂಗಸು ಇಬ್ಬರಿಗೂ ಸರದಿಯಂತೆ ಅನುಕಂಪ ತೋರಿಸಿ, ಇಬ್ಬರೂ ಒಟ್ಟಿಗೆ ಬಂದರೆ ಐದೇ ನಿಮಿಷದ ಕೆಲಸ ಎಂದಳು. ಗುಡಾರ ಪ್ರೆಬೆನ್ನನ ಸೈಕಲ್ಲಿನಲ್ಲಿತ್ತು, ಅದರ ಕಂಬಗಳು ಇಂಗೆಲಿಸೆಯ ಸೈಕಲ್ಲಿನಲ್ಲಿದ್ದವು. ಆದ್ದರಿಂದ ಇಬ್ಬರೂ ಲಾರಿಗಳ ಪಕ್ಕದ ಹುಲ್ಲಿನ ಮೇಲೆ, ಒಬ್ಬರು ಗುಡಾರದ ಬಟ್ಟೆ ಹೊದ್ದು, ಇನ್ನೊಬ್ಬರು ಕಂಬಗಳ ಪಕ್ಕದಲ್ಲಿ ಮಲಗಿದರು.

ಹನ್ನೊಂದು ಮೂವತ್ತೇಳಕ್ಕೆ ನಡುಸಮುದ್ರದಲ್ಲಿ ಎರಡು ಹಡಗುಗಳು ಒಂದನ್ನೊಂದು ಹಾದುಹೋಗುತ್ತಿದ್ದವು. ಇಬ್ಬರೂ ಕಟಕಟೆಗೆ ಬಂದು ಕೈಬೀಸುತ್ತಿದ್ದರು.

ನೆರೆಹೊರೆಯವರು ಸಹಾಯಕ್ಕೆ ಧಾವಿಸಿದರು. ಹೇಗೂ ಜರ್ಮನಿಗೆ ಹೋಗುತ್ತಿದ್ದೀರಲ್ಲ, ಬರುವಾಗ ಎರಡು ಪೆಟ್ಟಿಗೆ ಅಗ್ಗದ ಬಿಯರು ತನ್ನಿ ಎಂದು ಚೀಟಿ ಬರೆದುಕೊಟ್ಟರು. ಪಕ್ಕದ ಮನೆಯ ಬಿರ್ಗಿಟ್ ಲೈಕೋರಿಸ್ ಎಂಬ ಕರಿ ಉಪ್ಪುಮಿಠಾಯಿ ಹೇಳಿದಳು, ಆದರೆ ಕಳೆದ ಸಲದ್ದು ಉಪ್ಪು ಸಾಲದೆಂದೂ ಹೇಳಿದಳು. ಪ್ರಯಾಣಿಕರು ಹನ್ನೊಂದೂವರೆಗೆ ಹಡಗಿನ ಎಡಬದಿಗೆ ಸೇರತೊಡಗಿದಾಗ, ಕಂಪನಿ ಸಕಾಲದಲ್ಲಿ ಈ ಪ್ರಕಟಣೆ ಹೊರಡಿಸಿತು:

"ಮಾನ್ಯ ಪ್ರಯಾಣಿಕರ ಗಮನಕ್ಕೆ. ದಂಪತಿಗಳು ಕಾಣುವ ಬದಿಯ ಆಸನಗಳಿಗೆ ಇನ್ನು ಮುಂದೆ ಪ್ರತ್ಯೇಕ ಶುಲ್ಕವಿರುತ್ತದೆ. ಮಂಜು ಮುಸುಕಿ ದಂಪತಿಗಳು ಕಾಣದಿದ್ದಲ್ಲಿ ಕಂಪನಿ ಹೊಣೆಯಲ್ಲ. ದಂಪತಿಗಳು ಸ್ವತಃ ಆ ಬದಿಯಲ್ಲಿ ನಿಲ್ಲಬಯಸಿದರೆ ಅವರಿಗೂ ಇದು ಅನ್ವಯಿಸುತ್ತದೆ."

ಅವರು ಶುಲ್ಕ ಕಟ್ಟಿ ನಿಂತರು. ಹದಿನಾಲ್ಕನೆಯ ತಾರೀಖು ಇಂಗೆಲಿಸೆ ಫ್ಲೆಮಿಂಗನ ಕಿಟಕಿಗೆ ಬಂದು, ಇನ್ನು ಎರಡು ದಿನ ಇದೆ, ಎಲ್ಬೆ ನದಿ ಬೇಡ, ಯಾವುದಾದರೂ ಒಂದು ಮೋರಿಯ ದಡವಾದರೂ ಸಾಕು ಎಂದಳು. ಫ್ಲೆಮಿಂಗ್ ಕಣ್ಣೊರೆಸಿಕೊಂಡ. ಮೋರಿಯ ದಡವೂ ದಡವೇ ಎಂದು ನಿಯಮ ಓದಿ ತೋರಿಸಿದ.

ನಮ್ಮಲ್ಲಿ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದ ಬೆಳಿಗ್ಗೆ ನೆರೆಯವರು ದಂಪತಿಯ ಬಾಗಿಲಿಗೆ ಹಸಿರು ಕೊಂಬೆಗಳ ಕಮಾನು ಕಟ್ಟಿ, ತುತ್ತೂರಿ ಊದಿ, ಹಾಡಿ, ಅವರನ್ನು ಹಾಸಿಗೆಯಿಂದ ಎಬ್ಬಿಸಿ, ಅವರದ್ದೇ ತಿಂಡಿ ತಿಂದು ಹೋಗಬೇಕು. ಕಮಾನನ್ನು ಯಾವ ದಡದಲ್ಲಿ ಕಟ್ಟಿದರೂ ಒಬ್ಬರೇ ಅದರಡಿ ನಿಲ್ಲುವಂತಾಗುತ್ತದೆ, ಅದು ವಿಧವೆಯ ಕಮಾನಿನ ಹಾಗೆ ಕಾಣುತ್ತದೆ ಎಂದು ಬಿರ್ಗಿಟ್ ಕಂಪನಿಗೆ ಮನವಿ ಕೊಟ್ಟಳು. ಆಡಳಿತ ಮಂಡಳಿ ಸಭೆ ಸೇರಿ ನಾಲ್ಕು ಗಂಟೆ ಚರ್ಚಿಸಿತು. ನಿಯಮ ಬದಲಿಸುವ ಸಲಹೆ ಒಬ್ಬರಿಂದ ಬಂತು, ಅವರಿಗೆ ಆರೋಗ್ಯ ಸರಿಯಿಲ್ಲವೆಂದು ನಡಾವಳಿಯಲ್ಲಿ ಬರೆಯಲಾಯಿತು. ಕೊನೆಗೆ ಕಮಾನನ್ನು ನಡುವೆ ಕತ್ತರಿಸಿ ಒಂದೊಂದು ಹಡಗಿನಲ್ಲಿ ಒಂದೊಂದು ಅರ್ಧ ನಿಲ್ಲಿಸಲು ಮಂಜೂರಾತಿ ದೊರೆಯಿತು.

ಹದಿನಾರರಂದು ಎರಡೂ ಹಡಗುಗಳು ನಡುಸಮುದ್ರದಲ್ಲಿ ವೇಗ ತಗ್ಗಿಸಿ, ಮೂವತ್ತು ಮೀಟರು ಸಮೀಪಕ್ಕೆ ಬಂದವು. ಅರ್ಧ ಊರು ಈ ಹಡಗಿನಲ್ಲಿ, ಇನ್ನರ್ಧ ಊರು ಆ ಹಡಗಿನಲ್ಲಿ ಹಾಡುತ್ತಿತ್ತು. ಪ್ರೆಬೆನ್ ತನ್ನ ಅರ್ಧ ಕಮಾನಿನಡಿ, ಇಂಗೆಲಿಸೆ ಅವಳ ಅರ್ಧ ಕಮಾನಿನಡಿ ನಿಂತಿದ್ದರು. ಹನ್ನೊಂದು ಸೆಕೆಂಡು ಕಮಾನು ಪೂರ್ತಿಯಾಯಿತು.

"ಚೆನ್ನಾಗಿದೀಯಾ?" ಎಂದು ಪ್ರೆಬೆನ್ ಕೂಗಿದ.

"ಅಂಗಿ ತಿರುಗಾಮುರುಗಾ ಹಾಕ್ಕೊಂಡಿದೀಯ."

"ಯಾವಾಗಿಂದ?"

ಉತ್ತರ ಕೇಳುವಷ್ಟರಲ್ಲಿ ಹಡಗುಗಳು ಬೇರೆಯಾದವು. ಅವನು ಅಂಗಿ ಬಿಚ್ಚಿ, ಸರಿಯಾಗಿ ಹಾಕಿಕೊಂಡು, ಕಟಕಟೆಯ ಕೊನೆಗೆ ಓಡಿ ತೋರಿಸಿದ. ಅಷ್ಟು ದೂರದಿಂದ ಅವಳಿಗೆ ಕಂಡಿತೋ ಇಲ್ಲವೋ ತಿಳಿಯದು. ಊರಿನವರು ಎರಡೂ ಹಡಗುಗಳಲ್ಲಿ ಬನ್ನು ತಿಂದರು, ಹೊಸ ಬೇಕರಿಯವನ ಕೈ ಇನ್ನೂ ಪಳಗಿಲ್ಲ ಎಂದರು.

ಕಾರ್ಯಕ್ರಮದ ಯಶಸ್ಸನ್ನು ಕಂಡ ಕಂಪನಿ ಸೆಪ್ಟೆಂಬರಿನ ವೇಳಾಪಟ್ಟಿಯಲ್ಲಿ "ದಾಂಪತ್ಯ ಭೇಟಿ, ೧೧.೩೭, ಅವಧಿ ೧೧ ಸೆಕೆಂಡು" ಎಂದು ಒಂದು ಸಾಲು ಸೇರಿಸಿತು. ದಂಪತಿಗಳು ಒಂದು ಮನವಿ ಸಲ್ಲಿಸಿದರು. ಸಂಖ್ಯೆಯ ತಿದ್ದುಪಡಿಯನ್ನಾಗಲಿ ಎಲ್ಬೆ ನದಿಯನ್ನಾಗಲಿ ಅದರಲ್ಲಿ ಕೇಳಿರಲಿಲ್ಲ. ಹನ್ನೊಂದು ಸೆಕೆಂಡಿನಲ್ಲಿ ಒಬ್ಬರು ಕೇಳಿದ ಪ್ರಶ್ನೆಗೆ ಇನ್ನೊಬ್ಬರು ಉತ್ತರಿಸಲಾಗುತ್ತಿಲ್ಲ, ದಯಮಾಡಿ ಹದಿನೈದು ಮಾಡಿಕೊಡಬೇಕು ಎಂದಿತ್ತು. ಇಂಧನದ ವೆಚ್ಚ, ಲಾರಿ ಚಾಲಕರ ಸಮಯ, ಮಾನವೀಯತೆ ಈ ಮೂರನ್ನೂ ಪರಿಗಣಿಸಿದ ಕಂಪನಿ, ಹದಿಮೂರು ಮಂಜೂರು ಮಾಡಿತು.

ಆದೇಶವನ್ನು ಕಿಟಕಿಯಲ್ಲಿ ಕೊಡುವಾಗ ಫ್ಲೆಮಿಂಗ್ ತನ್ನ ಕೈಲಾದದ್ದು ಇಷ್ಟೇ ಎಂದ. ಇಂಗೆಲಿಸೆ ಕಾಗದವನ್ನು ಎರಡು ಸಲ ಓದಿ, ಮಡಚಿ, ಸೈಕಲ್ಲಿನ ಚೀಲದಲ್ಲಿ ಗುಡಾರದ ಕಂಬಗಳ ಪಕ್ಕಕ್ಕಿಟ್ಟಳು.

"ಎರಡು ಸೆಕೆಂಡು ಅಂದ್ರೆ ಕಮ್ಮಿ ಏನಲ್ಲ ಬಿಡು," ಎಂದಳು.

ಬೇಡಿದ್ದು ನಾಲ್ಕು, ಸಿಕ್ಕಿದ್ದು ಎರಡು. ಕಂಪನಿ ಅರ್ಧದಷ್ಟು ಬಗ್ಗಿದ್ದು ಇದೇ ಮೊದಲೆಂದು ಊರೆಲ್ಲ ಹೊಗಳಿತು.